ಡ್ರಮ್ ಸೆಟ್ ಮೇಲೆ ಲ್ಯಾಟಿನ್: ಐದಾರು ಜನರ ಕೆಲಸ ಒಬ್ಬರ ಕೈಕಾಲಿಗೆ

ಹಾಡಿನ ನೊಟೇಶನ್ ಹಾಳೆಯ ಮೇಲ್ಗಡೆ ಡ್ರಮ್ಮರ್‌ಗೆ ಅಂತ ಒಂದೇ ಪದ ಬರೆದಿರುತ್ತಾರೆ: ‘ಲ್ಯಾಟಿನ್’. ಅಷ್ಟೇ. ಅಷ್ಟು ದಿನ ರಾಕ್ ನುಡಿಸಿದವರು ಆಗ ಏನು ಮಾಡುತ್ತಾರೆ? ರೈಡ್ ಸಿಂಬಲ್‌ನ ನಡುವಿನ ಉಬ್ಬಿನ ಮೇಲೆ ಟಿಂಗ್ ಟಿಂಗ್ ಅನ್ನಿಸುತ್ತಾರೆ. ಮುಂದಿರುವ ಚಪ್ಪಟೆ ಡ್ರಮ್, ಅಂದರೆ ಸ್ನೇರ್‌ನ ಅಂಚಿಗೆ ಒಂದಿಷ್ಟು ಟಕ್ ಟಕ್ ಸೇರಿಸುತ್ತಾರೆ. ಮಧ್ಯೆ ಮಧ್ಯೆ ಟಾಮ್‌ಗಳ ಮೇಲೆ ಒಂದು ಸುತ್ತು ಹೊಡೆದು ಹಾಡು ದಾಟಿಸಿಬಿಡುತ್ತಾರೆ. ಕೂತು ಕೇಳುವವರಿಗೆ ಇದು ಲ್ಯಾಟಿನ್ ಥರಾನೇ ಕೇಳಿಸುತ್ತದೆ. ಕುಣಿಯಲು ಎದ್ದವರಿಗೆ ಮಾತ್ರ ಕಾಲು ಎಲ್ಲಿಡಬೇಕು ಅಂತ ಗೊತ್ತಾಗುವುದಿಲ್ಲ.

ತೊಡಕು ಕೈಚಳಕದ್ದಲ್ಲ. ಈ ಲಯಗಳು ಹುಟ್ಟಿದ್ದೇ ಡ್ರಮ್ ಸೆಟ್‌ಗಾಗಿ ಅಲ್ಲ. ಕ್ಯೂಬಾದ ಒಂದು ಡಾನ್ಸ್ ಬ್ಯಾಂಡ್ ನೋಡಿ. ಒಬ್ಬರು ಕೈಯಲ್ಲಿ ಬಾರಿಸುವ ಎತ್ತರದ ಕಾಂಗಾ, ಒಬ್ಬರು ಸಣ್ಣ ಜೋಡಿ ಡ್ರಮ್ ಬೊಂಗೊ, ಒಬ್ಬರು ಕಡ್ಡಿಯಲ್ಲಿ ಬಾರಿಸುವ ಲೋಹದ ಮೈಯ ಟಿಂಬಾಲೆಸ್ ನುಡಿಸುತ್ತಾರೆ. ಹಾಡುವವರ ಕೈಯಲ್ಲಿ ಕ್ಲಾವೆ ಕೋಲುಗಳೋ, ಮರಾಕಸ್ಸೋ, ಗೀರುವ ಗುಯಿರೊನೋ ಇರುತ್ತದೆ. ಬಾಸ್ ಮತ್ತು ಪಿಯಾನೊ ಕೂಡ ಅಲ್ಲಿ ಅರ್ಧ ತಾಳವಾದ್ಯಗಳೇ. ಪ್ರತಿಯೊಬ್ಬರೂ ನುಡಿಸುವುದು ಸಣ್ಣ ತುಣುಕು. ಎಲ್ಲ ತುಣುಕು ಸೇರಿದಾಗ ಆ ಲಯ ಕೇಳಿಸುತ್ತದೆ. ಡ್ರಮ್ ಸೆಟ್‌ನಲ್ಲಿ ಕೂತವರು ಇಷ್ಟೂ ಜನರ ಪೈಕಿ ಯಾರ ಕೆಲಸ ಮಾಡುತ್ತಿದ್ದೇವೆ ಅಂತ ತಿಳಿದಿರಬೇಕು. ಪುಸ್ತಕದಲ್ಲಿ ಅಚ್ಚಾದ ನಾಲ್ಕು ಸಾಲಿನ ಪ್ಯಾಟರ್ನ್ ಈ ಜನರನ್ನೇ ಮರೆಸಿಬಿಡುತ್ತದೆ. ಅದಕ್ಕೇ ಅದನ್ನು ಎಷ್ಟು ಸಾಧನೆ ಮಾಡಿದರೂ ಮರಗಟ್ಟಿದ ಹಾಗೆ ಕೇಳಿಸುತ್ತದೆ.

ಇನ್ನೊಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳೋಣ. ‘ಲ್ಯಾಟಿನ್’ ಅನ್ನುವ ಚೀಟಿಯ ಕೆಳಗೆ ಕನಿಷ್ಠ ಎರಡು ಬೇರೆ ಬೇರೆ ಮನೆತನಗಳಿವೆ: ಕ್ಯೂಬಾ ಮತ್ತು ಬ್ರೆಜಿಲ್. ಎರಡೂ ಕಡೆ ಲಯದ ಬೇರು ಆಫ್ರಿಕಾದಿಂದ ಗುಲಾಮರಾಗಿ ಹಿಡಿದು ತಂದವರದು. ಗುಲಾಮಗಿರಿ ಕಾನೂನು ಪ್ರಕಾರ ಮುಗಿದದ್ದು ಕ್ಯೂಬಾದಲ್ಲಿ 1886ಕ್ಕೆ, ಬ್ರೆಜಿಲ್‌ನಲ್ಲಿ 1888ಕ್ಕೆ. ಆದರೆ ಒಂದು ಕಡೆ ಸ್ಪ್ಯಾನಿಷ್ ಆಳ್ವಿಕೆ, ಇನ್ನೊಂದು ಕಡೆ ಪೋರ್ಚುಗೀಸ್. ವಾದ್ಯ ಬೇರೆ, ಕುಣಿತ ಬೇರೆ, ಭಾರ ಬೀಳುವ ಜಾಗವೂ ಬೇರೆ. ಬ್ರೆಜಿಲ್‌ನ ಸಾಂಬಾ ಕಾಲಿನ ಮೇಲೆ ಕ್ಯೂಬಾದ ಮಾಂಬೊ ಕೈ ಕೂರಿಸುವವರಿದ್ದಾರೆ. ಕೇಳಲು ಚೆನ್ನಾಗಿಯೇ ಇರಬಹುದು, ಆದರೆ ಅದು ಯಾವ ಊರಿನದೂ ಆಗಿರುವುದಿಲ್ಲ.

ಮೊದಲು ಕ್ಯೂಬಾ. ಅಲ್ಲಿ ಎಲ್ಲಕ್ಕೂ ಆಧಾರ ಕ್ಲಾವೆ. ಎರಡು ಗಟ್ಟಿ ಮರದ ಕೋಲುಗಳಿಂದ ಹೊಡೆಯುವ ಐದು ಪೆಟ್ಟು. ಪಾಶ್ಚಾತ್ಯ ಬರಹದಲ್ಲಿ ಇದು ಎರಡು ಬಾರ್‌ಗಳಲ್ಲಿ, ಅಂದರೆ ಎಂಟೆಂಟು ಎಣಿಕೆಯ ಎರಡು ಭಾಗಗಳಲ್ಲಿ, ಹರಡಿಕೊಂಡು ಕಣ್ಣು ಕತ್ತಲೆ ಬರಿಸುತ್ತದೆ. ನಮಗೆ ಅದಕ್ಕಿಂತ ಸಲೀಸಾದ ದಾರಿ ಇದೆ. ಮೃದಂಗದ ಪಾಠ ಕೇಳಿದವರಿಗೆಲ್ಲ ಗೊತ್ತು: ಎರಡಕ್ಕೆ ತಕ, ಮೂರಕ್ಕೆ ತಕಿಟ, ನಾಲ್ಕಕ್ಕೆ ತಕದಿಮಿ. ಒಟ್ಟು 16 ಎಣಿಕೆ ಇಟ್ಟುಕೊಳ್ಳಿ. ಸೋನ್ ಅನ್ನುವ ಕ್ಯೂಬಾದ ಹಾಡು-ಕುಣಿತದ ಶೈಲಿಯ ‘ಸೋನ್ ಕ್ಲಾವೆ’ ಹೀಗೆ ಬರುತ್ತದೆ:

ತಕಿಟ ತಕಿಟ ತಕದಿಮಿ ತಕ ತಕದಿಮಿ

ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಮಾತ್ರ ಚಪ್ಪಾಳೆ. ಉಳಿದದ್ದು ಬಾಯಲ್ಲೇ ಇರಲಿ. ಪೆಟ್ಟು ಬೀಳುವುದು 1, 4, 7, 11, 13ನೇ ಎಣಿಕೆಗಳಲ್ಲಿ. ಈಗ ಕಾಲನ್ನು 1, 5, 9, 13ರಲ್ಲಿ ತಟ್ಟಿ, ಅಂದರೆ ನಾಲ್ಕಕ್ಕೊಂದು ಸಲ. ಕಾಲು ಮತ್ತು ಚಪ್ಪಾಳೆ ಕೂಡುವುದು ಎರಡೇ ಕಡೆ: 1 ಮತ್ತು 13. ಉಳಿದ ಮೂರು ಪೆಟ್ಟು ಗಾಳಿಯಲ್ಲಿ ತೂಗುತ್ತವೆ. ಈ ತೂಗಾಟ ಮೈಗೆ ಹತ್ತುವ ತನಕ ಕಡ್ಡಿ ಹಿಡಿಯಬೇಡಿ. ಇದು ನನ್ನ ಹಟ ಅಂತಲೇ ಅಂದುಕೊಳ್ಳಿ. ಬಾಯಿಗೆ ಬಾರದ ಲಯ ಕೈಗೆ ಬಂದಂತೆ ಕಂಡರೂ ಹಾಡು ಶುರುವಾದ ಕೂಡಲೇ ಜಾರುತ್ತದೆ.

ಹೊಸಬರ ಕೈ ತಪ್ಪುವ ಜಾಗವೂ ಹೆಚ್ಚು ಕಡಿಮೆ ಒಂದೇ. ಮೊದಲ ಮೂರು ಪೆಟ್ಟನ್ನು ಸಮ ಅಂತರದ ಮೂರು ಭಾಗ ಮಾಡಿಬಿಡುತ್ತಾರೆ. ಮೊದಲ ಎಂಟು ಎಣಿಕೆಯ 3, 3, 2 ಅನ್ನುವ ಲೆಕ್ಕ ಹೋಗಿ ತಿಶ್ರದ, ಅಂದರೆ ಮೂರರ ನಡೆಯ, ಹಾಗೆ ಆಗಿಬಿಡುತ್ತದೆ. ಬಾಯಲ್ಲಿ ಅಕ್ಷರ ಓಡುತ್ತಿದ್ದರೆ ಈ ತಪ್ಪು ಆಗುವುದೇ ಇಲ್ಲ.

ಸೋನ್ ಕ್ಲಾವೆಗೆ ಒಬ್ಬ ತಮ್ಮನಿದ್ದಾನೆ, ರುಂಬಾ ಕ್ಲಾವೆ. ಮೂರನೇ ಪೆಟ್ಟು ಒಂದೇ ಒಂದು ಎಣಿಕೆ ತಡ:

ತಕಿಟ ತಕದಿಮಿ ತಕಿಟ ತಕ ತಕದಿಮಿ

7ರ ಬದಲು 8. ವ್ಯತ್ಯಾಸ ಇಷ್ಟೇ, ಆದರೆ ಕುಣಿತದ ನಡೆಯೇ ಬೇರೆಯಾಗುತ್ತದೆ. ಕ್ಯೂಬಾದ ಹವಾನಾ ಮತ್ತು ಮತಾನ್ಸಾಸ್ ನಗರಗಳ ಬೀದಿ, ವಠಾರಗಳಲ್ಲಿ ಬೆಳೆದ ರುಂಬಾದಲ್ಲಿ ಇದು ಬರುತ್ತದೆ. ಸೋನ್ ಮತ್ತು ಅದರಿಂದ ಬೆಳೆದ ಡಾನ್ಸ್ ಸಂಗೀತದಲ್ಲಿ ಮೊದಲನೆಯದೇ ಜಾಸ್ತಿ.

ಕ್ಲಾವೆಗೆ ಎರಡು ಮುಖಗಳಿವೆ. ಮೊದಲ ಎಂಟು ಎಣಿಕೆಯಲ್ಲಿ ಮೂರು ಪೆಟ್ಟು, ಎರಡನೇ ಎಂಟರಲ್ಲಿ ಎರಡು. ಹಾಗಾಗಿ ಇದನ್ನು 3-2 ಅನ್ನುತ್ತಾರೆ. ಕೆಲವು ಹಾಡು ಎರಡರ ಕಡೆಯಿಂದ ಶುರುವಾಗುತ್ತವೆ, ಅದು 2-3. ಆಗ ಮೊದಲ ‘ತಕ’ ಪೆಟ್ಟಿಲ್ಲದ್ದು, ಮನಸ್ಸಿನಲ್ಲೇ ಹೇಳಿಕೊಳ್ಳಬೇಕು:

(ತಕ) ತಕ ತಕದಿಮಿ ತಕಿಟ ತಕಿಟ ತಕ

ಇಲ್ಲಿ ನಮ್ಮ ತಾಳದ ಅಭ್ಯಾಸ ಸ್ವಲ್ಪ ದಾರಿ ತಪ್ಪಿಸುತ್ತದೆ. ಆದಿತಾಳ ಹಾಕಿಕೊಂಡು ಹಾಡುವವರು ಎಲ್ಲಿ ಬೇಕಾದರೂ ಸುತ್ತಾಡಿ ಸಮಕ್ಕೆ ಬರಬಹುದು. ತಾಳದ್ದು ಲೆಕ್ಕ ಕಾಯುವ ಕೆಲಸ. ಕ್ಲಾವೆಗೆ ಅದಕ್ಕಿಂತ ಜಾಸ್ತಿ ಅಧಿಕಾರ ಇದೆ. ಮೂರರ ಕಡೆ ಎಳೆತ, ಎರಡರ ಕಡೆ ನೆಲ ಮುಟ್ಟಿದ ನಿರಾಳ. ಹಾಡಿನ ಧಾಟಿ, ಪಿಯಾನೊ, ಕಹಳೆಗಳ ಸಾಲು ಎಲ್ಲವೂ ಆ ಎಳೆತ-ನಿರಾಳದ ಕ್ರಮಕ್ಕೆ ಹೊಂದಿರಬೇಕು. ಡ್ರಮ್ಮರ್ ಅದನ್ನು ತಿರುಗಾಮುರುಗಾ ಹಿಡಿದರೆ ಲೆಕ್ಕ ಸರಿಯಿದ್ದೂ ಹಾಡು ಕುಂಟುತ್ತದೆ. ಕ್ಯೂಬನ್ನರು ಅದಕ್ಕೆ ಕ್ರುಸಾದೊ ಅನ್ನುತ್ತಾರೆ, ಅಂದರೆ ಅಡ್ಡ ಬಿದ್ದದ್ದು. ಹಾಡಿನ ಮಧ್ಯೆ 3-2 ಇದ್ದದ್ದು 2-3 ಆದಂತೆ ಕೇಳಿಸುವುದೂ ಉಂಟು. ಆಗಲೂ ಕ್ಲಾವೆ ತಾನು ನಿಂತ ದಾರಿ ಬಿಟ್ಟಿರುವುದಿಲ್ಲ. ಹಾಡಿನ ಒಂದು ಭಾಗದಲ್ಲಿ ಬಾರ್‌ಗಳ ಸಂಖ್ಯೆ ಬೆಸವಾಗಿರುತ್ತದೆ, ಮುಂದಿನ ಸಾಲು ಕ್ಲಾವೆಯ ಇನ್ನೊಂದು ಅರ್ಧದ ಮೇಲೆ ಬಂದು ಕೂರುತ್ತದೆ.

ಸರಿ, ಇನ್ನು ಉಳಿದವರ ಕೆಲಸ. ಕಾಂಗಾದವರು ನುಡಿಸುವ ಮೂಲ ಪಾಠಕ್ಕೆ ತುಂಬಾವೊ ಎಂದು ಹೆಸರು. ಪ್ರತಿ ಎಂಟು ಎಣಿಕೆಯಲ್ಲಿ ಮೂರನೆಯದಕ್ಕೆ ಚಟ್ ಅನ್ನುವ ಸ್ಲ್ಯಾಪ್, ಏಳು-ಎಂಟಕ್ಕೆ ‘ದುಂ ದುಂ’ ಅನ್ನುವ ತೆರೆದ ನಾದ. ಮಧ್ಯದಲ್ಲೆಲ್ಲ ಕೈಯ ಸಣ್ಣ ಮಿಡುಕಾಟ. ಬಾಸ್‌ನವರು ನಾಲ್ಕು ಮತ್ತು ಏಳನೇ ಎಣಿಕೆಯಲ್ಲಿ ನುಡಿಸುತ್ತಾರೆ, ಒಂದನೆಯದನ್ನು ಬೇಕೆಂದೇ ಬಿಡುತ್ತಾರೆ. ಏಳರಲ್ಲಿ ಬರುವ ಸ್ವರ ಮುಂದಿನ ಬಾರ್‌ನ ಸ್ವರವೇ, ಮುಂಚೆಯೇ ಬಂದುಬಿಟ್ಟಿರುತ್ತದೆ. ರಾಕ್ ಕಿವಿಗೆ ಇದು ದೊಡ್ಡ ಆಘಾತ. ಅಲ್ಲಿ ಒಂದನೇ ಎಣಿಕೆಗೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಹಾಕದೆ ಇರಲಾಗುವುದಿಲ್ಲ, ಅಲ್ವಾ? ಇಲ್ಲಿ ಒಂದರ ಮೇಲೆ ಕಿಕ್ ಗುದ್ದಿದರೆ ಬಾಸ್ ಕಟ್ಟಿದ್ದೆಲ್ಲ ಕೆಡುತ್ತದೆ. ಕ್ಲಾವೆಯ ಮೂರರ ಕಡೆಯ ನಾಲ್ಕನೇ ಎಣಿಕೆಗೆ ಬೊಂಬೊ, ಏಳಕ್ಕೆ ಪೊಂಚೆ ಅಂತ ಹೆಸರೇ ಇದೆ. ಡ್ರಮ್ ಸೆಟ್‌ನ ಕಿಕ್‌ಗೆ ಮೊದಲ ಮನೆ ಬೊಂಬೊ.

ಇಷ್ಟನ್ನು ಸೆಟ್ ಮೇಲೆ ಕೂರಿಸಲು ನಾನು ಹೇಳುವ ಕ್ರಮ ಚಾ-ಚಾ-ಚಾದಿಂದ ಶುರು. ಕ್ಯೂಬಾದ ಪಿಟೀಲು ವಾದಕ ಎನ್ರಿಕೆ ಹೊರೀನ್ 1950ರ ದಶಕದ ಆರಂಭದಲ್ಲಿ ರೂಪಿಸಿದ ಕುಣಿತದ ಲಯ ಇದು. ನಿಧಾನ, ಮರ್ಯಾದಸ್ಥ, ಕಲಿಯುವವರಿಗೆ ಉಸಿರಾಡಲು ಜಾಗ ಕೊಡುತ್ತದೆ. ಬಲಗೈಯಲ್ಲಿ ಕೌಬೆಲ್ ಅನ್ನುವ ಲೋಹದ ಗಂಟೆ, 1, 3, 5, 7 ಹೀಗೆ ಒಂದು ಬಿಟ್ಟು ಒಂದು, ಒಂದೇ ಸಮನೆ. ಎಡಗೈ ಕಾಂಗಾದವರ ಕೆಲಸ ಮಾಡಲಿ: ಮೂರಕ್ಕೆ ಸ್ನೇರ್ ಮೇಲೆ ಕ್ರಾಸ್ ಸ್ಟಿಕ್, ಅಂದರೆ ಕಡ್ಡಿಯನ್ನು ಚರ್ಮದ ಮೇಲೆ ಅಡ್ಡ ಮಲಗಿಸಿ ಅಂಚಿಗೆ ಬಡಿಯುವುದು. ಏಳು-ಎಂಟಕ್ಕೆ ಸಣ್ಣ ಟಾಮ್. ಕಾಲು ಸುಮ್ನೆ ಇರಲಿ. ಕೈ ಎರಡೂ ನೆಲೆಯಾದ ಮೇಲೆ ನಾಲ್ಕಕ್ಕೆ ಕಿಕ್ ಮೆತ್ತಗೆ ಸೇರಿಸಿ. ಕೊನೆಗೆ ಬಾಯಲ್ಲಿ ಕ್ಲಾವೆ ಹೇಳಿ. ಬಾಯಿ ಸೇರಿದ ಕೂಡಲೇ ಕೈ ತಡವರಿಸುತ್ತದೆ. ಅಲ್ಲಿಂದಲೇ ನಿಜವಾದ ಅಭ್ಯಾಸ ಶುರುವಾಗುವುದು.

ಒಂದು ಸಣ್ಣ ವಿಷಯ, ಆದರೆ ಅರ್ಧ ಸದ್ದು ಇದರಲ್ಲೇ ಇದೆ. ಸ್ನೇರ್‌ನ ಕೆಳಗಿನ ತಂತಿಗಳನ್ನು ಸಡಿಲಿಸಿ. ಪಕ್ಕದ ಸನ್ನೆ ಕೆಳಗಿಳಿಸಿದರೆ ಸಾಕು, ಸ್ನೇರ್ ಟಿಂಬಾಲೆಸ್‌ಗೆ ಹತ್ತಿರ ಬರುತ್ತದೆ. ತಂತಿ ಝುಂಯ್ ಅನ್ನುತ್ತಿದ್ದರೆ ಎಷ್ಟೇ ಸರಿಯಾಗಿ ನುಡಿಸಿದರೂ ಅದು ರಾಕ್ ಬ್ಯಾಂಡ್‌ನ ಸದ್ದೇ.

ಮುಂದಿನ ಮೆಟ್ಟಿಲು ಕಾಸ್ಕರಾ. ಟಿಂಬಾಲೆಸ್ ನುಡಿಸುವವರು ಡ್ರಮ್‌ನ ಲೋಹದ ಮೈಮೇಲೆ ಕಡ್ಡಿಯಿಂದ ಬಡಿಯುವ ಸಾಲು ಇದು. ಸೆಟ್‌ನಲ್ಲಿ ನೆಲದ ಮೇಲೆ ನಿಲ್ಲುವ ಫ್ಲೋರ್ ಟಾಮ್‌ನ ಪಕ್ಕಕ್ಕೆ ಅಥವಾ ಮುಚ್ಚಿದ ಹೈಹ್ಯಾಟ್‌ಗೆ (ಪೆಡಲ್‌ನಿಂದ ಮುಚ್ಚುವ ಜೋಡಿ ಸಿಂಬಲ್) ಬರುತ್ತದೆ. ಕ್ಲಾವೆಯ ಸುತ್ತ ಹೆಣೆದುಕೊಂಡು ಹೋಗುತ್ತದೆ, ಅದಕ್ಕೂ ಮೂರರ ಕಡೆ, ಎರಡರ ಕಡೆ ಇದೆ. ಹಾಳೆ ನೋಡಿ ಕಲಿಯುವುದಕ್ಕಿಂತ ಕೇಳಿ ಕಲಿಯುವುದು ಒಳ್ಳೆಯದು. ಟಿಂಬಾಲೆಸ್ ವಾದಕ ಟಿಟೊ ಪುಯೆಂಟೆಯಂಥವರ ಹಳೆಯ ರೆಕಾರ್ಡಿಂಗ್ ಹಾಕಿಕೊಂಡು ಟಿಂಬಾಲೆಸ್ ಒಂದನ್ನೇ ಹಿಂಬಾಲಿಸಿ. ಒಂದು ವಿಷಯ ಬೇಗ ಗೊತ್ತಾಗುತ್ತದೆ. ಹಾಡುಗಾರರ ಚರಣ ನಡೆಯುವಾಗ ಕಾಸ್ಕರಾ ಒಣಗಿದ ಸದ್ದಿನಲ್ಲಿ ಹಿಂದೆ ಇರುತ್ತದೆ. ಕೋರಸ್‌ನವರ ಸವಾಲ್-ಜವಾಬ್ ಶುರುವಾಗುವ ಮೊಂಟುನೊ ಭಾಗ ಬಂದಾಗ ಟಿಂಬಾಲೆಸ್‌ನವರು ಗಂಟೆಗೆ ದಾಟುತ್ತಾರೆ. ಬೊಂಗೊದವರೂ ಬೊಂಗೊ ಬಿಟ್ಟು ಕೈಗಂಟೆ ಎತ್ತಿಕೊಳ್ಳುತ್ತಾರೆ. ಇಡೀ ಬ್ಯಾಂಡ್ ಗೇರ್ ಬದಲಾಯಿಸುತ್ತದೆ. ಡ್ರಮ್ ಸೆಟ್‌ನಲ್ಲೂ ಅದೇ ಕೆಲಸ ಆಗಬೇಕು. ಹಾಡಿನುದ್ದಕ್ಕೂ ಕೌಬೆಲ್ ಬಾರಿಸುವವರು ಈ ಒಂದು ತಿರುವನ್ನು ಕಳೆದುಕೊಳ್ಳುತ್ತಾರೆ.

ಇಷ್ಟಕ್ಕೂ ಡ್ರಮ್ ಸೆಟ್ ಈ ಸಂಗೀತದೊಳಗೆ ಬಂದದ್ದು ಹೇಗೆ? ದೊಡ್ಡ ಕೂಡುದಾರಿ ನ್ಯೂಯಾರ್ಕ್. ಹಾಡುಗಾರ ಮಾಚಿತೊ 1940ರಲ್ಲಿ ಅಲ್ಲಿ ಕಟ್ಟಿದ ಬ್ಯಾಂಡ್ ಕ್ಯೂಬಾದ ತಾಳವಾದ್ಯಗಳನ್ನೂ ಜಾಝ್ ಕಹಳೆಗಳನ್ನೂ ಒಂದೇ ವೇದಿಕೆಗೆ ತಂದಿತು. 1947ರಲ್ಲಿ ಹವಾನಾದ ಕಾಂಗಾ ವಾದಕ ಚಾನೊ ಪೋಸೊ, ಡಿಝಿ ಗಿಲೆಸ್ಪಿಯ ಜಾಝ್ ಬ್ಯಾಂಡ್ ಸೇರಿದರು. ಆಗ ಸ್ವಿಂಗ್ ಅನ್ನುವ ಜಾಝ್ ನಡೆ ನುಡಿಸುತ್ತಿದ್ದ ಡ್ರಮ್ಮರ್‌ಗಳು ಕಾಂಗಾಕ್ಕೆ ಹೊಂದಿಕೊಂಡು ನುಡಿಸುವುದನ್ನು ಕಲಿಯಬೇಕಾಯಿತು. ಮುಂದೆ ಕಾಂಗಾ ಇಲ್ಲದ ಸಣ್ಣ ಬ್ಯಾಂಡ್‌ಗಳಲ್ಲಿ ಆ ಕೆಲಸವೂ ಡ್ರಮ್ಮರ್ ಹೆಗಲಿಗೇ ಬಂತು.

ಕ್ಯೂಬಾದಲ್ಲೇ ಡ್ರಮ್ ಸೆಟ್‌ಗೆ ಹೊಸ ಭಾಷೆ ಸಿಕ್ಕಿದ್ದು ಸೊಂಗೊ ಅನ್ನುವ ಲಯದಿಂದ. ಹುವಾನ್ ಫೋರ್ಮೆಲ್ 1969ರಲ್ಲಿ ಕಟ್ಟಿದ ಲೋಸ್ ವಾನ್ ವಾನ್ ಬ್ಯಾಂಡ್‌ನಲ್ಲಿ ಚಾಂಗಿತೊ, ಪೂರ್ತಿ ಹೆಸರು ಹೋಸೆ ಲೂಯಿಸ್ ಕಿಂತಾನಾ, ಇದನ್ನು ಬೆಳೆಸಿದರು. ಸೊಂಗೊದಲ್ಲಿ ಎಡಗೈ ಸ್ನೇರ್ ಮೇಲೆ ಪಿಸುಗುಟ್ಟುವ ಹಾಗೆ ಸಣ್ಣ ಪೆಟ್ಟುಗಳನ್ನು ಹೆಣೆಯುತ್ತದೆ. ಕಿಕ್ ಬೊಂಬೊದಲ್ಲಿ ಕೂರುತ್ತದೆ. ಬಲಗೈ ಸಮನಾಗಿ ಕಾಲ ಹಿಡಿಯುತ್ತದೆ. ರಾಕ್, ಫಂಕ್ ಬಲ್ಲವರಿಗೆ ಇದು ಕಾಸ್ಕರಾಕ್ಕಿಂತ ಬೇಗ ಕೈಗೆ ಬರುತ್ತದೆ, ಆ ಸಂಗೀತಗಳ ನೆರಳು ಇದರಲ್ಲಿದೆ. ಬಹಳ ಜನ ಇಲ್ಲಿಂದಲೇ ಶುರು ಮಾಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಕಾಂಗಾ ಏನು ಮಾಡುತ್ತದೆ ಅಂತ ತಿಳಿಯದೆ ಸೊಂಗೊ ಕಲಿತರೆ ಅದೂ ಇನ್ನೊಂದು ಫಂಕ್ ಬೀಟ್ ಆಗಿ ಉಳಿಯುತ್ತದೆ.

ಕ್ಯೂಬಾದ ಪೂಜೆಯ ಸಂಗೀತದಿಂದ ಬಂದ 12 ಎಣಿಕೆಯ ಗಂಟೆಯ ಸಾಲೂ ಒಂದಿದೆ, ಬೆಂಬೆ ಅನ್ನುತ್ತಾರೆ. ಏಳು ಪೆಟ್ಟು. ಬಾಯಲ್ಲಿ: ತಕ ತಕ ತ ತಕ ತಕ ತಕ ತ. ಇದರ ಮೇಲೆ ಕಾಲನ್ನು ಮೂರಕ್ಕೊಂದು ಸಲ ತಟ್ಟಿ, ಆಮೇಲೆ ಎರಡಕ್ಕೊಂದು ಸಲ ತಟ್ಟಿ. ಗಂಟೆ ಬದಲಾಗದೆಯೇ ಹಾಡು ಬದಲಾದಂತೆ ಕೇಳಿಸುತ್ತದೆ. ಲಯದ ಬಗ್ಗೆ ಆಸೆ ಇರುವ ಯಾರಿಗಾದರೂ ಒಂದು ಸಂಜೆ ಕಳೆಯಲು ಇಷ್ಟು ಸಾಕು.

ಈಗ ಬ್ರೆಜಿಲ್. ಇಲ್ಲಿ ಕ್ಲಾವೆಯನ್ನು ಮರೆತುಬಿಡಿ. ಸಾಂಬಾಕ್ಕೆ ಆಧಾರ ಸುರ್ದೊ ಅನ್ನುವ ದೊಡ್ಡ ಡ್ರಮ್. ರಿಯೊ ನಗರದಲ್ಲಿ ಮೊದಲ ಸಾಂಬಾ ಶಾಲೆ (ಕಾರ್ನಿವಲ್ ಹಬ್ಬದ ಮೆರವಣಿಗೆಯಲ್ಲಿ ನುಡಿಸಿ ಕುಣಿಯುವ ತಂಡ) ಎಂದು ಹೇಳುವ ‘ದೇಶಾ ಫಲಾರ್’ ಗುಂಪು 1928ರಲ್ಲಿ ಶುರುವಾಯಿತು. ಅದರ ಬೀದೆ ಅನ್ನುವ ವಾದಕ ಬೆಣ್ಣೆಯ ದೊಡ್ಡ ತಗಡಿನ ಡಬ್ಬಕ್ಕೆ ಚರ್ಮ ಬಿಗಿದು ಸುರ್ದೊ ಮಾಡಿದ ಎಂದು ಹೇಳುತ್ತಾರೆ. ಇವತ್ತು ಕಾರ್ನಿವಲ್‌ನಲ್ಲಿ ಒಂದೊಂದು ಶಾಲೆಯ ತಾಳವಾದ್ಯ ತಂಡದಲ್ಲೇ ಇನ್ನೂರು, ಮುನ್ನೂರು ಜನ ಇರುತ್ತಾರೆ. ಅಷ್ಟೂ ಜನರನ್ನು ಹಿಡಿದಿಡುವುದು ಸುರ್ದೊ. ಅದರ ಭಾರ ಬೀಳುವುದು ಎರಡನೇ ಹೆಜ್ಜೆಯ ಮೇಲೆ. ಒಂದನೆಯದು ಹಗುರ.

ಸೆಟ್‌ನಲ್ಲಿ ಸಾಂಬಾ ಕಿಕ್‌ಗೆ ಎಂಟು ಎಣಿಕೆ:

ತಕಿಟ ತ ತಕಿಟ ತ

1, 4, 5, 8. ಸಮನಾಗಿ ನಾಲ್ಕು ಪೆಟ್ಟು ಹಾಕಿದರೆ ಇದು ಕುದುರೆ ಓಟದ ಹಾಗೆ ಕೇಳಿಸುತ್ತದೆ, ಬಹುಪಾಲು ಜನ ಹಾಗೆಯೇ ನುಡಿಸುತ್ತಾರೆ. ಐದನೆಯದಕ್ಕೆ ಪೂರ್ತಿ ತೂಕ ಕೊಡಿ, ಅದೇ ಸುರ್ದೊದ ಎರಡನೇ ಹೆಜ್ಜೆ. ಒಂದು ಅದಕ್ಕಿಂತ ಮೆತ್ತಗೆ. ನಾಲ್ಕು ಮತ್ತು ಎಂಟು ಕಿವಿಗೆ ಬಿತ್ತೋ ಇಲ್ಲವೋ ಅನ್ನುವಷ್ಟು. ಬಲಗೈ ಹೈಹ್ಯಾಟ್ ಮೇಲೆ ಎಂಟೂ ಎಣಿಕೆ ನುಡಿಸಲಿ, ಪ್ರತಿ ನಾಲ್ಕರಲ್ಲಿ ಮೊದಲನೆಯದು ಮತ್ತು ಕೊನೆಯದು ಸ್ವಲ್ಪ ಗಟ್ಟಿಯಾಗಿ. ಇದು ಗಾಂಝಾ ಎಂಬ ಗಿಲಕಿಯ ಕೆಲಸ. ಬ್ರೆಜಿಲ್‌ನವರು ಈ ನಾಲ್ಕು ಎಣಿಕೆಯನ್ನು ಗಡಿಯಾರದ ಹಾಗೆ ಸಮವಾಗಿ ನುಡಿಸುವುದಿಲ್ಲ, ಒಳಗಡೆ ಒಂದು ತೂಗು ಇರುತ್ತದೆ. ಮೆಟ್ರೊನೋಮ್ ಅದನ್ನು ಕಲಿಸಲಾರದು. ಧ್ವನಿಮುದ್ರಿಕೆಯ ಜೊತೆ ನುಡಿಸಿಯೇ ಹಿಡಿಯಬೇಕು. ವೇಗದ ಸಾಂಬಾವನ್ನು ಸಿಂಬಲ್ ಮೇಲೆ ಹರಿಸುವ ರೀತಿಗೆ ಹೆಸರಾದವರು ಬ್ರೆಜಿಲ್‌ನ ಡ್ರಮ್ಮರ್ ಎಡಿಸನ್ ಮಶಾದೊ. ಸೆಟ್‌ನಲ್ಲಿ ಸಾಂಬಾ ಕಲಿಯುವವರು ಅವರನ್ನು ಕೇಳದೆ ಮುಂದೆ ಹೋಗಬಾರದು.

ಬೊಸಾ ನೋವಾ ಸಾಂಬಾದ್ದೇ ಮೆಲುದನಿ. ಗಾಯಕ, ಗಿಟಾರ್ ವಾದಕ ಝುವಾಂವ್ ಝಿಲ್ಬೆರ್ತೊ 1958ರಲ್ಲಿ ಹಾಡಿದ ಹೊತ್ತಿಗೆ ಅದಕ್ಕೊಂದು ರೂಪ ಬಂದಿತ್ತು. ಅವರ ಗಿಟಾರ್‌ನ ಹೆಬ್ಬೆರಳು ಸುರ್ದೊ ಕೆಲಸ ಮಾಡುತ್ತದೆ, ಉಳಿದ ಬೆರಳು ಸಣ್ಣ ವಾದ್ಯಗಳದ್ದು. ಡ್ರಮ್ಸ್ ಪುಸ್ತಕಗಳಲ್ಲಿ ಬೊಸಾದ ಕ್ರಾಸ್ ಸ್ಟಿಕ್ ಹೀಗಿರುತ್ತದೆ:

ತಕಿಟ ತಕಿಟ ತಕದಿಮಿ ತಕಿಟ ತಕಿಟ

ಸೋನ್ ಕ್ಲಾವೆಯ ಪಕ್ಕ ಇಟ್ಟು ನೋಡಿ. ಮೊದಲ ನಾಲ್ಕು ಪೆಟ್ಟು ಅವೇ, ಕೊನೆಯದು ಮಾತ್ರ 13ರ ಬದಲು 14. ಹಾಗಾಗಿ ನೆಲ ಮುಟ್ಟುವ ನಿರಾಳ ಸಿಗುವುದಿಲ್ಲ, ತೇಲುತ್ತಲೇ ಇರುತ್ತದೆ. ಇದಕ್ಕೆ ಕೆಲವರು ಬ್ರೆಜಿಲ್‌ನ ಕ್ಲಾವೆ ಅನ್ನುತ್ತಾರೆ. ಆದರೆ ಕ್ಯೂಬಾದ ಕ್ಲಾವೆಯ ಕಟ್ಟುನಿಟ್ಟು ಇದಕ್ಕೆ ಇಲ್ಲ. ಆ ಕಾಲದ ಡ್ರಮ್ಮರ್‌ಗಳು, ಮಿಲ್ಟನ್ ಬನಾನಾ ಅವರನ್ನೇ ತೆಗೆದುಕೊಳ್ಳಿ, ಹಾಡಿಗೆ ತಕ್ಕಂತೆ ಕ್ರಾಸ್ ಸ್ಟಿಕ್ ಜಾಗ ಬದಲಿಸುತ್ತಿದ್ದರು. ಪುಸ್ತಕದ ಸಾಲನ್ನು ಹಾಡಿನುದ್ದಕ್ಕೂ ಯಂತ್ರದ ಹಾಗೆ ಬಡಿದರೆ ಹೋಟೆಲ್ ಲಾಬಿಯ ಸಂಗೀತ ಆಗುತ್ತದೆ.

ಈಶಾನ್ಯ ಬ್ರೆಜಿಲ್‌ನ ಬೈಯಾಂವ್ ಇನ್ನೂ ಸರಳ. ಗಾಯಕ ಲೂಯಿಸ್ ಗೊನ್ಜಾಗಾ 1940ರ ದಶಕದಲ್ಲಿ ಇದನ್ನು ದೇಶಕ್ಕೆಲ್ಲ ಮುಟ್ಟಿಸಿದರು. ಝಬುಂಬಾ ಅನ್ನುವ ಡ್ರಮ್ ನುಡಿಸುವುದು ನಮ್ಮ ತಕಿಟ ತಕಿಟ ತಕ. ಕಿಕ್‌ನಲ್ಲಿ ಅದನ್ನು ಹಾಕಿ, ಅರ್ಧ ಕೆಲಸ ಮುಗಿಯಿತು.

ಬೊಂಗೊ, ಕಾಂಗಾ ನಮಗೆ ಹೊಸದೇನಲ್ಲ. ಸಿನಿಮಾ ಸಂಗೀತದಲ್ಲಿ, ಊರೂರಿನ ಆರ್ಕೆಸ್ಟ್ರಾಗಳಲ್ಲಿ ದಶಕಗಳಿಂದ ಅವು ಇವೆ. ಆದರೆ ಬಹುಪಾಲು ಅವುಗಳ ಮೇಲೆ ನುಡಿದದ್ದು ನಮ್ಮವೇ ನಡೆಗಳು. ವಾದ್ಯ ಬಂತು, ಕ್ಲಾವೆ ಜೊತೆಗೆ ಬರಲಿಲ್ಲ. ಅದರಲ್ಲಿ ತಪ್ಪೇನೂ ಇಲ್ಲ, ಅದಕ್ಕೆ ಅದರದೇ ಸೊಗಸಿದೆ. ಕಾಂಗಾ ಸದ್ದು ಕೇಳಿದ ಮಾತ್ರಕ್ಕೆ ಲ್ಯಾಟಿನ್ ಲಯ ಗೊತ್ತು ಅಂದುಕೊಳ್ಳಬಾರದು, ಅಷ್ಟೇ.

ಅಂತರ್ಜಾಲದಲ್ಲಿ ಹುಡುಕಿದರೆ ಕ್ಯೂಬಾದ ಡ್ರಮ್ಮರ್ ಓರಾಸಿಯೊ ‘ಎಲ್ ನೆಗ್ರೊ’ ಎರ್ನಾಂದೆಸ್ ಅವರ ವಿಡಿಯೊ ಸಿಗುತ್ತವೆ. ಎಡಗಾಲಿನ ಪೆಡಲ್‌ಗೆ ಗಂಟೆ ಕಟ್ಟಿ ಕ್ಲಾವೆ ನುಡಿಸುತ್ತಾರೆ, ಉಳಿದ ಮೂರು ಕೈಕಾಲು ಬೇರೆಯದೇ ಮಾತಾಡುತ್ತವೆ. ನೋಡಿದವರಿಗೆಲ್ಲ ಅದೇ ಬೇಕು ಅನ್ನಿಸುತ್ತದೆ. ಸದ್ಯಕ್ಕೆ ಬೇಡ. ಎಡಗಾಲು ಹೈಹ್ಯಾಟನ್ನು 1, 5, 9, 13ರಲ್ಲಿ ಮುಚ್ಚುತ್ತಾ ಇರಲಿ, ಕ್ಲಾವೆ ಬಾಯಲ್ಲಿರಲಿ.

ಇನ್ನು ಬ್ಯಾಂಡ್ ಜೊತೆ ಕೂತಾಗ ಏನನ್ನು ಬಿಡಬೇಕು ಅನ್ನುವ ಪ್ರಶ್ನೆ. ಕಾಂಗಾದವರು ಇದ್ದರೆ ಎಡಗೈಯ ಟಾಮ್ ಪೆಟ್ಟುಗಳನ್ನು ನಿಲ್ಲಿಸಿ. ಅದು ಅವರ ಜಾಗ, ಇಬ್ಬರೂ ಏಳು-ಎಂಟಕ್ಕೆ ದುಂ ದುಂ ಅಂದರೆ ಕೆಸರಾಗುತ್ತದೆ. ಆಗ ಎಡಗೈಗೆ ಕ್ರಾಸ್ ಸ್ಟಿಕ್ ಒಂದೇ ಸಾಕು, ಅಥವಾ ಅಲ್ಲೇ ಕ್ಲಾವೆ ನುಡಿಸಬಹುದು. ಬಾಸ್‌ನವರು ತಮ್ಮ ನಾಲ್ಕು-ಏಳನ್ನು ಗಟ್ಟಿಯಾಗಿ ಹಿಡಿದಿದ್ದರೆ ಕಿಕ್ ಅನ್ನು ಬಹಳ ಕಡಿಮೆ ಮಾಡಿ. ಹಳೆಯ ಕ್ಯೂಬನ್ ಬ್ಯಾಂಡ್‌ಗಳು ಬಹುಪಾಲು ಕಿಕ್ ಇಲ್ಲದೆಯೇ ನುಡಿಸುತ್ತಿದ್ದವು. ಬಾಸ್, ಗಿಟಾರ್, ಕೀಬೋರ್ಡ್ ಮಾತ್ರ ಇರುವ ಬ್ಯಾಂಡ್ ಆದರೆ ಎಲ್ಲವೂ ನಿಮ್ಮ ಪಾಲಿಗೆ. ಆಗಲೂ ಎಲ್ಲವನ್ನೂ ಒಟ್ಟಿಗೆ ನುಡಿಸಲು ಹೋಗಬೇಡಿ. ಚರಣಕ್ಕೆ ಕಾಸ್ಕರಾ ಮತ್ತು ಕ್ರಾಸ್ ಸ್ಟಿಕ್, ಮೊಂಟುನೊಗೆ ಗಂಟೆ ಮತ್ತು ಟಾಮ್. ಮತ್ತೆ, ಹಾಳೆಯ ಮೇಲೆ ಬರೀ ‘ಲ್ಯಾಟಿನ್’ ಅಂತಿದ್ದರೆ ಎಣಿಕೆ ಶುರುವಾಗುವ ಮೊದಲೇ ಬ್ಯಾಂಡ್ ನಡೆಸುವವರನ್ನು ಕೇಳಿಬಿಡಿ: ಕ್ಯೂಬಾನೋ, ಬ್ರೆಜಿಲ್ಲೋ? ಕ್ಯೂಬಾ ಅಂದರೆ 3-2ನೋ, 2-3ನೋ?